ಮನೆಯಲ್ಲೇ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಹಾಕಿಸಬಹುದೇ?

ಪ್ರಶ್ನೆ: ಡಾಕ್ಟರೇ, ನನ್ನ ತಾಯಿಗೆ 64 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್. ಕಳೆದ ವಾರ ಚಳಿಜ್ವರ, ವಾಂತಿ, ಬೆನ್ನಿನ ಬಲಪಕ್ಕದಲ್ಲಿ ನೋವು ಬಂದು ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಎಂದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದರು. ನಾಲ್ಕನೆಯ ದಿನ ಮನೆಗೆ ಕಳಿಸಿದ್ದಾರೆ. ಎರಡು ದಿನಗಳಿಂದ ಜ್ವರವಿಲ್ಲ, ಊಟ ಸೇರುತ್ತಿದೆ. ಇನ್ನೂ ಐದು ದಿನ, ದಿನಕ್ಕೆ ಎರಡು ಬಾರಿ ಒಂದೊಂದು ಗ್ರಾಂ ಹಾಕಿಸಿ ಎಂದು ಚೀಟಿಯಲ್ಲಿದೆ. ಕೈಗೆ ಕೂರಿಸಿದ ಸೂಜಿಯನ್ನೂ ಹಾಗೆಯೇ ಬಿಟ್ಟಿದ್ದಾರೆ. ಆಸ್ಪತ್ರೆ ನಮ್ಮೂರಿನಿಂದ 35 ಕಿಲೋಮೀಟರ್ ದೂರ. ಪಕ್ಕದ ಬೀದಿಯ ನಿವೃತ್ತ ಕಾಂಪೌಂಡರ್ ಒಬ್ಬರು ಮನೆಗೇ ಬಂದು ಹಾಕುತ್ತೇನೆ ಎನ್ನುತ್ತಿದ್ದಾರೆ. ನನ್ನ ತಮ್ಮ ‘ಮಾತ್ರೆ ಬರೆಸಿಕೊಂಡು ಬಾ’ ಎನ್ನುತ್ತಾನೆ. ಅಮ್ಮನಿಗೆ ಮಾತ್ರೆಯಲ್ಲಿ ನಂಬಿಕೆಯಿಲ್ಲ. ಟೆಸ್ಟ್ ಡೋಸ್ ಮಾಡಿಸಿಕೊಂಡರೆ ಮನೆಯಲ್ಲಿ ಹಾಕಿಸುವುದು ಸುರಕ್ಷಿತವೇ? ವಯಲ್‌ಗಳು ಉಳಿದರೆ ಏನು ಮಾಡಬೇಕು?
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಔಷಧದ ಹೆಸರಿದೆ, ಪ್ರಮಾಣವಿದೆ, ದಿನಗಳ ಲೆಕ್ಕವಿದೆ. ಒಂದು ಕಾಗದದ ಸುದ್ದಿ ಮಾತ್ರ ಇಲ್ಲ. ಅದು ಮೂತ್ರದ ಕಲ್ಚರ್ ವರದಿ. ಕಾಂಪೌಂಡರ್ ಬರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವ ಮೊದಲು ಆ ಕಾಗದವನ್ನು ಹುಡುಕಿ.

ಆಸ್ಪತ್ರೆಗೆ ಸೇರಿದ ದಿನ ತಾಯಿಯವರ ಮೂತ್ರವನ್ನು ಕಲ್ಚರ್‌ಗೆ ಕಳಿಸಿದ್ದರೆ, ಅದರಲ್ಲಿರುವ ಬ್ಯಾಕ್ಟೀರಿಯಾ ತಟ್ಟೆಯ ಮೇಲೆ ಬೆಳೆಯಲು ಒಂದು ದಿನ ಬೇಕು. ಯಾವ ಔಷಧಕ್ಕೆ ಅದು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ನೋಡಲು ಇನ್ನೂ ಒಂದೆರಡು ದಿನ. ಅಷ್ಟರಲ್ಲಿ ಜ್ವರ ಇಳಿದಿರುತ್ತದೆ, ಮನೆಯವರು ಹೊರಡುವ ಅವಸರದಲ್ಲಿರುತ್ತಾರೆ, ವಾರ್ಡಿಗೂ ಹಾಸಿಗೆ ಬೇಕಾಗಿರುತ್ತದೆ. ವರದಿ ಬರುವ ಹೊತ್ತಿಗೆ ರೋಗಿ ಊರು ಸೇರಿರುತ್ತಾರೆ. ಹೀಗೆ ಯಾರೂ ಒಯ್ಯದ ವರದಿಗಳು ಪ್ರಯೋಗಾಲಯದ ಮೇಜಿನ ಮೇಲೆ ಬಿದ್ದಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ರೋಗಿ ಹಣ ಕೊಟ್ಟು ಮಾಡಿಸಿದ ಪರೀಕ್ಷೆ. ಅದರ ಉತ್ತರ ಯಾರ ಕಿವಿಗೂ ಬೀಳುವುದಿಲ್ಲ.

ಮೊದಲ ದಿನ ಬರೆದ ಸೆಫ್ಟ್ರಿಯಾಕ್ಸೋನ್ ಅನುಭವದ ಮೇಲೆ ಮಾಡಿದ ಊಹೆ. ಊಹೆ ಎಂದರೆ ತಪ್ಪೇನಲ್ಲ, ಕಿಡ್ನಿಗೆ ಸೋಂಕು ತಗುಲಿ ಚಳಿಜ್ವರ ಬಂದವರಿಗೆ ವರದಿಗಾಗಿ ಮೂರು ದಿನ ಕಾಯಲಾಗುವುದಿಲ್ಲ. ಆದರೆ ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೊಲೈ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಈ ಔಷಧವನ್ನೇ ಮುರಿದುಹಾಕುವ ಕಿಣ್ವವನ್ನು ಅನೇಕ ಕಡೆ ಬೆಳೆಸಿಕೊಂಡಿದೆ. ವರದಿಯಲ್ಲಿ ‘ಇಎಸ್‌ಬಿಎಲ್’ ಎಂದಿದ್ದರೆ ಅದರ ಅರ್ಥ ಇದೇ. ಜ್ವರ ಇಳಿದಿರುವುದರಿಂದ ನಿಮ್ಮ ತಾಯಿಗೆ ಔಷಧ ನಾಟಿದೆ ಎಂದು ಬಹುಮಟ್ಟಿಗೆ ನಂಬಬಹುದು. ಹಾಗಿದ್ದರೂ ವರದಿ ಬೇಕು. ಏಕೆಂದರೆ ಇನ್ನು ಮುಂದಿನ ಐದು ದಿನ ಸೂಜಿ ಬೇಕೇ, ಮಾತ್ರೆ ಸಾಕೇ ಎಂಬುದನ್ನು ಹೇಳಬಲ್ಲ ಕಾಗದ ಅದೊಂದೇ. ಆಸ್ಪತ್ರೆಗೆ ಫೋನ್ ಮಾಡಿ, ಡಿಸ್ಚಾರ್ಜ್ ಚೀಟಿಯಲ್ಲಿರುವ ಸಂಖ್ಯೆ ಹೇಳಿ, ವರದಿಯ ಫೋಟೋವನ್ನಾದರೂ ತರಿಸಿಕೊಳ್ಳಿ. ಅದನ್ನು ಓದುವ ಕೆಲಸ ಮಾತ್ರ ವೈದ್ಯರಿಗೇ ಇರಲಿ. ನೈಟ್ರೋಫ್ಯುರಂಟಾಯಿನ್ ಎಂಬ ಮಾತ್ರೆಯ ಮುಂದೆ ‘ಸೆನ್ಸಿಟಿವ್’ ಎಂದು ಎಷ್ಟೋ ಸಲ ಇರುತ್ತದೆ. ಅದು ಮೂತ್ರಕೋಶದ ಉರಿಗೆ ಒಳ್ಳೆಯ ಔಷಧ. ಕಿಡ್ನಿಯ ಮಾಂಸದೊಳಗೆ ಸಾಕಷ್ಟು ಸೇರುವುದೇ ಇಲ್ಲ. ವರದಿ ನೋಡಿ ನೇರವಾಗಿ ಅಂಗಡಿಗೆ ಹೋದವರು ಇಲ್ಲಿ ಎಡವುತ್ತಾರೆ.

ಈಗ ನಿಮ್ಮ ತಮ್ಮನ ಮಾತಿಗೆ ಬರೋಣ. ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ.

ಸೂಜಿ ಎಂದರೆ ಶಕ್ತಿ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಮೊದಲು ಬಂದ ಪೆನ್ಸಿಲಿನ್ ಹೊಟ್ಟೆಯ ಆಮ್ಲದಲ್ಲಿ ಹಾಳಾಗುತ್ತಿತ್ತು. ಕ್ಷಯಕ್ಕೆ ಬಂದ ಸ್ಟ್ರೆಪ್ಟೋಮೈಸಿನ್ ಕರುಳಿನಿಂದ ರಕ್ತಕ್ಕೆ ಇಳಿಯುತ್ತಲೇ ಇರಲಿಲ್ಲ. ಜೀವ ಉಳಿಸಿದ ಆ ಔಷಧಗಳೆಲ್ಲ ಸೂಜಿಯ ಮೂಲಕವೇ ಬಂದದ್ದರಿಂದ ಜನ ಸೂಜಿಗೇ ಕೈಮುಗಿದರು. ಸೆಫ್ಟ್ರಿಯಾಕ್ಸೋನ್ ಕತೆಯೂ ಅದೇ: ಕರುಳು ಅದನ್ನು ಹೀರಿಕೊಳ್ಳುವುದಿಲ್ಲ, ಅದಕ್ಕೇ ಮಾತ್ರೆಯಾಗಿ ಸಿಗುವುದಿಲ್ಲ. ಆದರೆ ಲೀವೋಫ್ಲಾಕ್ಸಸಿನ್, ಲಿನೆಜೋಲಿಡ್, ಮೆಟ್ರೋನಿಡಜೋಲ್‌ನಂತಹ ಔಷಧಗಳನ್ನು ನುಂಗಿದರೂ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತವೆ. ಬ್ರಿಟನ್ನಿನ 26 ಕೇಂದ್ರಗಳಲ್ಲಿ ಮೂಳೆ ಮತ್ತು ಕೀಲಿನ ಸೋಂಕಿದ್ದ 1054 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಆರು ವಾರ ನರಕ್ಕೆ ಔಷಧ ಪಡೆದವರಲ್ಲಿ ಶೇ 14.6 ಮಂದಿಗೆ ಚಿಕಿತ್ಸೆ ಫಲಿಸಲಿಲ್ಲ, ಮಾತ್ರೆ ನುಂಗಿದವರಲ್ಲಿ ಶೇ 13.2 ಮಂದಿಗೆ. ಮೂಳೆಯ ಸೋಂಕು ಎಂದರೆ ತಿಂಗಳುಗಟ್ಟಲೆ ಸೂಜಿಯೇ ಗತಿ ಎಂದು ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು. ನಾನೂ ಹಾಗೇ ಎಷ್ಟೋ ಜನರಿಗೆ ಬರೆದಿದ್ದೇನೆ.

ತಾಯಿಯವರಿಗೆ ಇನ್ನೊಂದು ಮಾತು ಮೆಲ್ಲಗೆ ಹೇಳಿ. ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಸೂಜಿ ಚುಚ್ಚಿದ ಅರ್ಧ ಗಂಟೆಗೆ ಮೈ ಹಗುರವಾಗುತ್ತದಲ್ಲ, ಅದು ಆ್ಯಂಟಿಬಯಾಟಿಕ್ ಮಾಡುವ ಕೆಲಸವಲ್ಲ. ಅಷ್ಟು ಬೇಗ ಯಾವ ಬ್ಯಾಕ್ಟೀರಿಯಾ ಸೋಂಕೂ ಕರಗುವುದಿಲ್ಲ. ಜೊತೆಗೆ ಸೇರಿಸಿದ ಡೈಕ್ಲೋಫೆನಾಕ್ ನೋವಿನ ಇಂಜೆಕ್ಷನ್ನಿನದೋ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡಿನದೋ ಪ್ರಭಾವ ಅದು. ಸಕ್ಕರೆ ಕಾಯಿಲೆ ಇರುವವರಿಗೆ, ಅದರಲ್ಲೂ ಕಿಡ್ನಿ ಸೋಂಕಿನಿಂದ ಈಗಷ್ಟೇ ಎದ್ದವರಿಗೆ, ಅವೆರಡೂ ಬೇಡದ ಅತಿಥಿಗಳು: ಒಂದು ಕಿಡ್ನಿಗೆ ಭಾರ, ಇನ್ನೊಂದು ಸಕ್ಕರೆಯನ್ನು ಏರಿಸುತ್ತದೆ.

ಸೂಜಿಯಿಂದ ಮಾತ್ರೆಗೆ ಇಳಿಸುವಾಗ ನಾವು ನೋಡುವುದು ಇಷ್ಟು. ಜ್ವರ ಇಳಿದು ಒಂದು ದಿನವಾದರೂ ಕಳೆದಿರಬೇಕು, ನಾಡಿ ಮತ್ತು ರಕ್ತದೊತ್ತಡ ನೆಟ್ಟಗಿರಬೇಕು, ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲಬೇಕು, ಆ ಬ್ಯಾಕ್ಟೀರಿಯಾಕ್ಕೆ ನಾಟುವ ಮಾತ್ರೆಯೊಂದು ಇರಬೇಕು. ನಿಮ್ಮ ಪತ್ರದ ಪ್ರಕಾರ ಮೊದಲ ಮತ್ತು ಮೂರನೆಯ ಷರತ್ತು ಮುಗಿದಿವೆ. ಎರಡನೆಯದನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಿಸಬಹುದು. ನಾಲ್ಕನೆಯದು ಕಲ್ಚರ್ ವರದಿಯಲ್ಲಿದೆ.

ಮಾತ್ರೆ ಎಂದ ಮಾತ್ರಕ್ಕೆ ನಿಶ್ಚಿಂತೆ ಎಂದೂ ತಿಳಿಯಬೇಡಿ. ಸಿಪ್ರೋಫ್ಲಾಕ್ಸಸಿನ್, ಲೀವೋಫ್ಲಾಕ್ಸಸಿನ್ ಗುಂಪಿನ ಮಾತ್ರೆಗಳು ಗ್ಲಿಮೆಪಿರೈಡ್ ಜೊತೆ ಸೇರಿದಾಗ ಸಕ್ಕರೆ ಏಕಾಏಕಿ ಕುಸಿಯಬಹುದು. ಕೋಟ್ರೈಮಾಕ್ಸಜೋಲ್ ಕೂಡ ಸಕ್ಕರೆಯನ್ನು ಇಳಿಸಬಲ್ಲದು, ಜೊತೆಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಲ್ಲಿ ರಕ್ತದ ಪೊಟ್ಯಾಸಿಯಂ ಏರಿಸುತ್ತದೆ. ಹಾಗಾಗಿ ಮಾತ್ರೆ ಬದಲಿಸುವ ವೈದ್ಯರ ಮುಂದೆ ತಾಯಿಯವರ ದಿನನಿತ್ಯದ ಮಾತ್ರೆಗಳ ಪಟ್ಟಿಯನ್ನೇ ಇಡಿ. ‘ಶುಗರ್ ಮಾತ್ರೆ, ಬಿಪಿ ಮಾತ್ರೆ’ ಎಂದರೆ ಸಾಲದು. ಸಿಪ್ರೋಫ್ಲಾಕ್ಸಸಿನ್ ಗುಂಪಿನದನ್ನು ಬರೆದರೆ ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್‌ಗೆಂದು ಕುಡಿಯುವ ಬಿಳಿ ಔಷಧ ಇವುಗಳ ಜೊತೆಯಲ್ಲೇ ನುಂಗಬಾರದು, ಅವು ಔಷಧವನ್ನು ಕರುಳಲ್ಲೇ ಹಿಡಿದಿಟ್ಟುಬಿಡುತ್ತವೆ.

ಮಾತ್ರೆ ಒಗ್ಗದ ಬ್ಯಾಕ್ಟೀರಿಯಾ ಎಂದು ವರದಿ ಹೇಳಿದರೆ ಸೂಜಿಯೇ ಮುಂದುವರಿಯಲಿ. ಆಗ ಇನ್ನೊಂದು ಪ್ರಶ್ನೆ ಕೇಳಿ: ‘ದಿನಕ್ಕೆ ಒಂದೇ ಸಲ ಕೊಟ್ಟರೆ ಆಗುವುದಿಲ್ಲವೇ?’ ಸೆಫ್ಟ್ರಿಯಾಕ್ಸೋನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಎಂಟು ಗಂಟೆ ಬೇಕು, ಆ ಜಾತಿಯ ಇತರ ಔಷಧಗಳಿಗಿಂತ ಬಹಳ ನಿಧಾನ. ಮೆದುಳಿನ ಪೊರೆಯ ಸೋಂಕಿಗೆ ಎರಡು ಬಾರಿ ಬೇಕು. ಕಿಡ್ನಿಯ ಸೋಂಕಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ ಕೊಟ್ಟರೆ ಸಾಕಾಗುತ್ತದೆ. ನಮ್ಮಲ್ಲಿ ಬೆಳಿಗ್ಗೆ-ಸಂಜೆ ಎಂದು ಬರೆಯುವುದು ಬಹುತೇಕ ಕೈಗಂಟಿದ ರೂಢಿ. ಹತ್ತು ಚುಚ್ಚು ಐದಾದರೆ ಅಪಾಯದ ಗಳಿಗೆಗಳೂ ಅರ್ಧವಾಗುತ್ತವೆ. ನೀವಾಗಿ ಕಡಿಮೆ ಮಾಡಬೇಡಿ, ಬರೆದವರನ್ನೇ ಕೇಳಿ.

ಟೆಸ್ಟ್ ಡೋಸ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ಧೈರ್ಯ ಕೊಡುವುದು ಇದೇ.

ನಾನು ಹೌಸ್ ಸರ್ಜನ್ ಆಗಿದ್ದಾಗ ಒಬ್ಬ ಯುವಕನಿಗೆ ಪೆನ್ಸಿಲಿನ್ ಕೊಡಬೇಕಿತ್ತು. ಮುಂಗೈಯ ಚರ್ಮದಡಿ ಒಂದು ಹನಿ ಚುಚ್ಚಿ, ಇಪ್ಪತ್ತು ನಿಮಿಷ ಕಾದು, ದದ್ದು ಏಳಲಿಲ್ಲವೆಂದು ಕೇಸ್ ಶೀಟಿನಲ್ಲಿ ‘ಟೆಸ್ಟ್ ಡೋಸ್ ನೆಗೆಟಿವ್’ ಎಂದು ನಾನೇ ಬರೆದೆ. ಪೂರ್ತಿ ಔಷಧ ಹೋಗಿ ಐದು ನಿಮಿಷಕ್ಕೆ ಅವನ ತುಟಿ ಊದಿತು, ದನಿ ಒಡೆಯಿತು, ನಾಡಿ ಕೈಗೆ ಸಿಗದಾಯಿತು. ನಾನು ಸ್ಟೀರಾಯ್ಡಿನ ವಯಲ್ ಹುಡುಕುತ್ತಿದ್ದೆ. ಹಿರಿಯ ಸಿಸ್ಟರ್ ನನ್ನನ್ನು ಪಕ್ಕಕ್ಕೆ ತಳ್ಳಿ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಹುಡುಗ ಉಳಿದ.

ಚರ್ಮದ ಮೇಲಿನ ಪೆನ್ಸಿಲಿನ್ ಪರೀಕ್ಷೆಗೆ ವಿಶೇಷವಾಗಿ ತಯಾರಿಸಿದ ದ್ರಾವಣಗಳು ಬೇಕು, ಅಳತೆಗಳಿವೆ, ಕಲಿತವರು ಮಾಡಬೇಕು. ಸೆಫ್ಟ್ರಿಯಾಕ್ಸೋನ್ ವಯಲ್‌ನಿಂದಲೇ ಒಂದು ಹನಿ ತೆಗೆದು ಚುಚ್ಚುವ ಪದ್ಧತಿಗೆ ಅಂಥ ಆಧಾರವಿಲ್ಲ. ದದ್ದು ಎದ್ದರೂ ಅದು ಬರೀ ಉರಿಯಾಗಿರಬಹುದು, ಏಳದಿದ್ದರೂ ಅಪಾಯ ತಪ್ಪಿತು ಎನ್ನುವಂತಿಲ್ಲ. ಹಿಂದೆ ಯಾವುದಾದರೂ ಆ್ಯಂಟಿಬಯಾಟಿಕ್‌ಗೆ ಮೈಯೆಲ್ಲ ದಡಿಕೆ ಎದ್ದಿತ್ತೇ, ಉಸಿರು ಕಟ್ಟಿತ್ತೇ, ತಲೆ ತಿರುಗಿ ಬಿದ್ದಿದ್ದರೇ ಎಂದು ನಿಧಾನವಾಗಿ ಕೇಳುವುದು ಆ ಹನಿಗಿಂತ ಹೆಚ್ಚು ಬೆಲೆಯ ಪರೀಕ್ಷೆ. ತಾಯಿಯವರಿಗೆ ನಾಲ್ಕು ದಿನ ಈ ಔಷಧ ಒಗ್ಗಿದೆ ಎಂಬುದು ಒಳ್ಳೆಯ ಸೂಚನೆ, ಆದರೆ ಐದನೆಯ ದಿನಕ್ಕೆ ಅದು ಜಾಮೀನು ಅಲ್ಲ.

ಆದ್ದರಿಂದ ಕಾಂಪೌಂಡರ್ ಅವರನ್ನು ನೀವು ಕೇಳಬೇಕಾದ ಪ್ರಶ್ನೆ ‘ಟೆಸ್ಟ್ ಡೋಸ್ ಮಾಡುತ್ತೀರಾ’ ಎಂದಲ್ಲ, ‘ಚೀಲದಲ್ಲಿ ಅಡ್ರಿನಲಿನ್ ಇದೆಯೇ’ ಎಂದು. ಹೆಚ್ಚಿನವರ ಚೀಲದಲ್ಲಿ ಅವಿಲ್ ಮತ್ತು ಡೆಕ್ಸಾಮೆಥಸೋನ್ ಇರುತ್ತವೆ. ತುರಿಕೆಗೆ ಅವು ಆಗಬಹುದು. ಗಂಟಲು ಊದಿ ರಕ್ತದೊತ್ತಡ ಕುಸಿಯುವಾಗ ಮೊದಲು ಬೇಕಾದದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್, ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ಬೇಕಾದರೆ ಐದು ನಿಮಿಷಕ್ಕೆ ಮತ್ತೊಮ್ಮೆ. ಅದನ್ನು ಗುರುತಿಸಿ ಕೊಡಬಲ್ಲವರು, ಆಮ್ಲಜನಕ, ಡ್ರಿಪ್ ಇರುವ ಜಾಗ ಪ್ರಾಥಮಿಕ ಆರೋಗ್ಯ ಕೇಂದ್ರವೋ ತಾಲ್ಲೂಕು ಆಸ್ಪತ್ರೆಯೋ ಆಗಿರುತ್ತದೆ, ನಿಮ್ಮ ನಡುಮನೆಯಲ್ಲ. ಆ ಹಿರಿಯರ ಕೈ ಎಷ್ಟೇ ಪಳಗಿದ್ದರೂ ನನ್ನ ಉತ್ತರ ಇದೇ: ಮನೆಯಲ್ಲಿ ಬೇಡ. ಡಿಸ್ಚಾರ್ಜ್ ಚೀಟಿ ಹಿಡಿದು ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿ. ಅಲ್ಲಿ ಹಾಕಿಸಿ, ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದು ಬನ್ನಿ. ಆ ಅರ್ಧ ಗಂಟೆಯನ್ನು ಎಲ್ಲರೂ ಉಳಿಸಲು ನೋಡುತ್ತಾರೆ. ಮನೆಗೆ ಬಂದ ಮೇಲೆ ಮೈಮೇಲೆ ದಡಿಕೆ, ಮುಖದ ಊತ, ದನಿ ಬದಲು, ಉಬ್ಬಸ, ಕಣ್ಣು ಕತ್ತಲೆ ಬಂದರೆ 108ಕ್ಕೆ ಕರೆ ಮಾಡಿ. ತಲೆ ಸುತ್ತುತ್ತಿದ್ದರೆ ಮಲಗಿಸಿ ಕಾಲು ಎತ್ತರಕ್ಕಿಡಿ, ಎಬ್ಬಿಸಿ ನಡೆಸಬೇಡಿ. ಉಸಿರು ಕಟ್ಟುತ್ತಿದ್ದರೆ ಒರಗಿ ಕೂರಲು ಬಿಡಿ.

ಔಷಧ ಕಲಸುವುದರಲ್ಲೂ ತಪ್ಪುಗಳಾಗುತ್ತವೆ. ವಯಲ್‌ನಲ್ಲಿರುವ ಪುಡಿಯನ್ನು ಅದರ ಜೊತೆ ಬರುವ ಶುದ್ಧ ನೀರಿನಲ್ಲಿ ಕರಗಿಸಿ ಆಗಲೇ ಬಳಸಬೇಕು. ಅರ್ಧ ಬಳಸಿ ಅರ್ಧವನ್ನು ಸಂಜೆಗೆಂದು ಕಿಟಕಿಯ ಮೇಲಿಡುವವರನ್ನು ಕಂಡಿದ್ದೇನೆ. ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕವೇನೂ ಇರುವುದಿಲ್ಲ. ಸೊಂಟಕ್ಕೆ ಚುಚ್ಚುವಾಗ ನೋವು ತಡೆಯಲು ಲಿಗ್ನೋಕೇನ್ ಸೇರಿಸುವುದುಂಟು. ಹಾಗೆ ಕಲಸಿದ್ದು ಎಂದಿಗೂ ರಕ್ತನಾಳಕ್ಕೆ ಹೋಗಬಾರದು, ಹೃದಯದ ಬಡಿತ ಕೆಡುತ್ತದೆ. ‘ಸುಸ್ತಿಗೆ ಒಂದು ಬಾಟಲಿ’ ಎಂದು ರಿಂಗರ್ ಲ್ಯಾಕ್ಟೇಟ್ ಏರಿಸುತ್ತ ಅದೇ ನಳಿಕೆಗೆ ಸೆಫ್ಟ್ರಿಯಾಕ್ಸೋನ್ ಬಿಡುವುದೂ ತಪ್ಪು. ಬಾಟಲಿಯಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಔಷಧ ಹರಳುಗಟ್ಟುತ್ತದೆ. ನವಜಾತ ಶಿಶುಗಳಲ್ಲಿ ಇದರಿಂದ ಸಾವುಗಳೇ ಆಗಿವೆ. ಇನ್ನು ಸೊಂಟಕ್ಕೆ ಎಂದರೆ ಪೃಷ್ಠದ ಮೇಲಿನ ಹೊರಮೂಲೆ. ಕೆಳಗೆ ಒಳಗೆ ಜಾರಿದರೆ ಕಾಲಿನ ದೊಡ್ಡ ನರಕ್ಕೆ ತಗುಲಿ ಪಾದ ಎತ್ತಲಾಗದೆ ಎಳೆದು ನಡೆಯುವ ಸ್ಥಿತಿ ಬರುತ್ತದೆ.

ಸಿರಿಂಜ್ ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣದಿಂದ ಬಿಚ್ಚಲಿ. ಇದನ್ನು ಕೇಳಲು ಸಂಕೋಚವಾಗುತ್ತದೆ ಎಂದು ಗೊತ್ತು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜ್‌ಗಳಿಂದ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮವೂವಿನಲ್ಲಿ ಬೆಳಕಿಗೆ ಬಂದ ಎಚ್‌ಐವಿ ಪ್ರಕರಣಗಳಲ್ಲಿ ಕೈಬೆರಳು ತೋರಿಸಿದ್ದು ಒಂದೇ ಸಿರಿಂಜನ್ನು ಹಲವರಿಗೆ ಬಳಸುತ್ತ ಮನೆಮನೆ ತಿರುಗುತ್ತಿದ್ದ ನಕಲಿ ವೈದ್ಯನತ್ತ. ಸೂಜಿ ಬದಲಿಸಿ ಸಿರಿಂಜ್ ಉಳಿಸಿಕೊಂಡರೂ ಅಪಾಯ ಅಷ್ಟೇ.

ಕೈಗೆ ಕೂರಿಸಿದ ಕ್ಯಾನುಲಾ ಹಾಕಿ ನಾಲ್ಕು ದಿನವಾಗಿದ್ದರೆ ನಾಳೆಯೇ ತೋರಿಸಿ. ಸುತ್ತ ಕೆಂಪಾಗಿದ್ದರೆ, ಮುಟ್ಟಿದರೆ ನೋಯುತ್ತಿದ್ದರೆ, ನರ ದಾರದಂತೆ ಗಟ್ಟಿಯಾಗಿದ್ದರೆ ತೆಗೆಸಲೇಬೇಕು. ಮಾತ್ರೆಗೆ ಬದಲಾದರಂತೂ ಅದು ಅಲ್ಲಿರಲು ಕಾರಣವೇ ಇಲ್ಲ. ಸಕ್ಕರೆ ಕಾಯಿಲೆಯವರ ಮೈಯಲ್ಲಿ ಸುಮ್ಮನೆ ಬಿಟ್ಟ ಕ್ಯಾನುಲಾ ಹೊಸ ಸೋಂಕಿಗೆ ತೆರೆದ ಬಾಗಿಲು.

ಔಷಧ ಕೊಳ್ಳುವಾಗ ಚೀಟಿಯಲ್ಲಿರುವುದನ್ನೇ ಕೇಳಿ. ‘ಅದಿಲ್ಲ, ಇನ್ನೂ ಒಳ್ಳೆಯದಿದೆ’ ಎಂದು ಸೆಫ್ಟ್ರಿಯಾಕ್ಸೋನ್ ಜೊತೆ ಸಲ್ಬ್ಯಾಕ್ಟಮ್ ಅಥವಾ ಟ್ಯಾಜೋಬ್ಯಾಕ್ಟಮ್ ಸೇರಿದ ವಯಲ್ ಕೊಟ್ಟರೆ ಅದು ಬೇರೆ ಔಷಧ, ವೈದ್ಯರನ್ನು ಕೇಳದೆ ಒಪ್ಪಬೇಡಿ. 2014ರ ಮಾರ್ಚ್‌ನಿಂದ ಸೆಫ್ಟ್ರಿಯಾಕ್ಸೋನ್ ಎಚ್-1 ಪಟ್ಟಿಯಲ್ಲಿದೆ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧಗಳ ಪಟ್ಟಿಯಲ್ಲಿ. ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಚೀಟಿ ಕೇಳದೆ ಕೊಡುವ ಅಂಗಡಿ ನಿಮಗೆ ಉಪಕಾರ ಮಾಡುತ್ತಿಲ್ಲ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇರಲಿ. ಏನಾದರೂ ಅಡ್ಡಪರಿಣಾಮವಾದರೆ 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಯ ಕಡೆಯವರೇ ತಿಳಿಸಬಹುದು, ಆಗ ಅದು ಬೇಕಾಗುತ್ತದೆ.

ವರದಿ ನೋಡಿ ವೈದ್ಯರು ಅಮಿಕಾಸಿನ್‌ಗೆ ಬದಲಿಸಿದರೆ ಎಚ್ಚರ ಒಂದು ಪಟ್ಟು ಹೆಚ್ಚಿರಲಿ. ಮೂತ್ರದ ಸೋಂಕಿಗೆ ಒಳ್ಳೆಯ ಔಷಧವೇ, ಆದರೆ ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಲ್ಲದು. ಮೊದಲು ಮತ್ತು ನಡುವೆ ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಬೇಕು. ಕಿವಿಯಲ್ಲಿ ಗುಂಯ್‌ಗುಟ್ಟುವುದು, ನಡೆಯುವಾಗ ತೂರಾಡುವುದು ಕಂಡರೆ ಮುಂದಿನ ಚುಚ್ಚಿಗೆ ಮೊದಲೇ ಹೇಳಿ. ಹೋದ ಕಿವಿ ಸಾಮಾನ್ಯವಾಗಿ ಮರಳಿ ಬರುವುದಿಲ್ಲ.

ಮುಂದಿನ ಕೆಲವು ವಾರ ತಾಯಿಯವರಿಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಬಾರಿ ನೀರಿನಂತೆ ಭೇದಿಯಾದರೆ, ಅದು ಆ್ಯಂಟಿಬಯಾಟಿಕ್‌ನಿಂದಲೇ ಬಂದಿರಬಹುದು. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವೇ ಕೊಡದೆ ವೈದ್ಯರಿಗೆ ತೋರಿಸಿ. ಮತ್ತೆ ಚಳಿ ಬಂದರೆ, ಮೂತ್ರ ಕಡಿಮೆಯಾದರೆ, ಮಾತು ತೊದಲಿದರೆ ಅಥವಾ ಮಂಕಾದರೆ 35 ಕಿಲೋಮೀಟರ್ ದೂರವೆಂದು ಯೋಚಿಸಬೇಡಿ.

ಉಳಿದ ವಯಲ್‌ಗಳ ವಿಷಯ. ಮಾತ್ರೆಗೆ ಬದಲಾಗಿ ವಯಲ್‌ಗಳು ಉಳಿದರೆ ಬಿಲ್ಲಿನ ಸಮೇತ ಅಂಗಡಿಗೆ ಒಯ್ದು ಕೇಳಿ. ವಾಪಸ್ ತೆಗೆದುಕೊಳ್ಳದಿದ್ದರೆ ಆರೋಗ್ಯ ಕೇಂದ್ರಕ್ಕೆ ಕೊಟ್ಟುಬಿಡಿ. ಫ್ರಿಜ್ಜಿನ ಬಾಗಿಲಲ್ಲಿ ಇಟ್ಟುಕೊಂಡರೆ, ಮನೆಯಲ್ಲಿ ಯಾರಿಗಾದರೂ ಮುಂದಿನ ಸಲ ಜ್ವರ ಬಂದಾಗ ಆ ಕಾಂಪೌಂಡರ್ ಅವರನ್ನು ಕರೆಯುವ ಆಸೆ ಬಂದೇ ಬರುತ್ತದೆ. ಬಳಸಿದ ಸೂಜಿ ಮನೆಯಲ್ಲಿ ಉಳಿದಿದ್ದರೆ ಮುಚ್ಚಳ ತಿರುಗಿ ಹಾಕಲು ಹೋಗಬೇಡಿ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಅದೇ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಕಸದ ಚೀಲಕ್ಕೆ ಕೈ ಹಾಕುವವರು ಬೇರೊಬ್ಬರ ತಾಯಿ.